ಬೇಸಿಗೆ ರಜೆ ಯಾವಾಗ?

ನಮ್ಮೆಲ್ಲರ ಮನೆಯಲ್ಲೂ ಕ್ಯಾಲೆಂಡರ್ ಇದೆ. ಅಮಾವಾಸ್ಯೆ, ಹುಣ್ಣಿಮೆ, ಸಂಕಷ್ಟಿ ನೋಡುತ್ತೇವೆ. ಮಕ್ಕಳ ಶಾಲೆಯ ರಜೆ ಅದರಲ್ಲಿ ಗುರುತು ಮಾಡಿದ್ದೇವಾ?

ಒಂದು ವರ್ಷ ನಾವು ಮಾಡಿರಲಿಲ್ಲ. ಮಾರ್ಚ್ ಕೊನೆಗೆ ತವರಿನಲ್ಲಿ ಮದುವೆ. "ಇನ್ನೇನು ರಜೆ ಬಂತಲ್ಲ" ಅಂತ ಮಗಳನ್ನೂ ಕರಕೊಂಡು ಜಯಪುರದಲ್ಲಿ ಬಸ್ಸು ಹತ್ತಿದೆವು. ವಾಪಸ್ ಬಂದಾಗ ಎರಡು ಪರೀಕ್ಷೆ ಮುಗಿದಿತ್ತು. ಮಗು ಅತ್ತಳು. ತಪ್ಪು ಅವಳದ್ದಲ್ಲ, ನಮ್ಮದು.

ರಜೆಯ ದಿನ ಗೊತ್ತು ಮಾಡುವುದು ಶಿಕ್ಷಣ ಇಲಾಖೆ. 2025ರಲ್ಲಿ ಸರ್ಕಾರಿ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ ಇತ್ತು. ಒಟ್ಟು 48 ದಿನ. ಮೇ 29ಕ್ಕೆ ಶಾಲೆ ತೆರೆಯಿತು. ಈ ದಿನಗಳು ಬದಲಾಗಬಹುದು. ಖಾಸಗಿ ಶಾಲೆಯ ರಜೆ ಬೇರೆ ಇರಬಹುದು. ಅದಕ್ಕೇ ಮೇಷ್ಟ್ರನ್ನು ಕೇಳಿ ತಿಳಿಯಬೇಕು.

ನಮ್ಮ ಮಲೆನಾಡಿನಲ್ಲಿ ಇನ್ನೊಂದು ಸಂಗತಿ ಇದೆ. ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ. ಹಳ್ಳ ದಾಟಿ ಬರುವ ಮಕ್ಕಳಿಗೆ ಅದು ಬೇಕೇ ಬೇಕು. ಆದರೆ ಪಾಠ ಹಿಂದೆ ಬೀಳುತ್ತದೆ. ಮಳೆ ಕಳೆದ ಮೇಲೆ ಅಡಿಕೆ ಕೊಯ್ಲು, ಕಾಫಿ ಕೊಯ್ಲು. ಆಗಲೂ "ಎರಡು ದಿನ ಮನೇಲಿರು" ಎಂದರೆ ಮಗು ಕಲಿಯುವುದು ಯಾವಾಗ? 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಎಂದು 2009ರ ಕಾಯ್ದೆ ಹೇಳುತ್ತದೆ.

ಹಾಗಾದರೆ ಏನು ಮಾಡೋಣ?

1. ನೆಂಟರ ಮನೆ, ದೇವಸ್ಥಾನ, ಮನೆಯ ಕಾರ್ಯ ಎಲ್ಲವನ್ನೂ ಆದಷ್ಟು ರಜೆಯಲ್ಲೇ ಇಟ್ಟುಕೊಳ್ಳೋಣ. ದಿನ ಗೊತ್ತು ಮಾಡುವ ಮೊದಲೇ ಶಾಲೆಯಲ್ಲಿ ವಿಚಾರಿಸೋಣ.

2. ಮಕ್ಕಳ ಕಣ್ಣು, ಹಲ್ಲು ತೋರಿಸುವುದಿದ್ದರೆ ರಜೆಯಲ್ಲಿ ತೋರಿಸೋಣ.

3. ರಜೆ ಅಂತ ಮಕ್ಕಳನ್ನು ದರಗು ತರಲು, ಹಣ್ಣು ಕೊಯ್ಯಲು ಕಾಡಿಗೆ ಕಳಿಸುವುದು ಬೇಡ. ಬೇಸಿಗೆ ಮಂಗನ ಕಾಯಿಲೆಯ ಕಾಲ. ಕಾಡಿನ ಉಣುಗು ಕಚ್ಚಿದರೆ ಈ ಕಾಯಿಲೆ ಬರಬಹುದು. ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು. ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಜ್ವರ ಬಂದರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು.

4. ಈಜಲು ತುಂಗೆಗೋ ಹಳ್ಳಕ್ಕೋ ಮಕ್ಕಳನ್ನಷ್ಟೇ ಬಿಡಬಾರದು. ದೊಡ್ಡವರು ಜೊತೆಗಿರಬೇಕು.

5. ಮೇ ಕೊನೆಯ ವಾರಕ್ಕೆ ಊರಿಗೆ ವಾಪಸಾಗೋಣ. ಕೊಡೆ, ಚೀಲ, ಪುಸ್ತಕ ಹೊಂದಿಸೋಣ. ಶಾಲೆ ತೆರೆದ ಮೊದಲ ದಿನವೇ ಮಗು ಅಲ್ಲಿರಬೇಕು.

ಈಗ ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಪರೀಕ್ಷೆ ಯಾವಾಗ, ರಜೆ ಶುರು ಯಾವಾಗ, ಶಾಲೆ ತೆರೆಯುವುದು ಯಾವಾಗ? ಮೂರನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ. ಬೇರೆಯವರ ಕೈಲಿ ಬರೆಸಬೇಡಿ, ನೀವೇ ಬರೆಯಿರಿ. ನಾವು ಅಕ್ಷರ ಕಲಿತದ್ದು ಇದಕ್ಕೇ ಅಲ್ಲವೇ?