ನಿರ್ನಾಳ ಗ್ರಂಥಿಗಳೂ ಮನಸ್ಸೂ



ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಚೀಲಗಳನ್ನಿಳಿಸಿ, ಆ ದಿನದ ಧಾರಣೆಗಾಗಿ ಕಾದು ನಿಂತ ರೈತನನ್ನು ನೆನೆದುಕೊಳ್ಳಿರಿ. ಅವನ ಎದೆ ಡವಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಅವನನ್ನು ಯಾರೂ ಹೊಡೆದಿಲ್ಲ. ಅವನು ಓಡಿಯೂ ಇಲ್ಲ. ಮನಸ್ಸಿನ ಒಂದು ಅಂಜಿಕೆಯು ದೇಹವನ್ನೆಲ್ಲ ಅಲುಗಿಸಿದ್ದು ಹೇಗೆ? ಇದು ನರಗಳೂ ನಿರ್ನಾಳ ಗ್ರಂಥಿಗಳೂ ಕೂಡಿ ಮಾಡುವ ಕೆಲಸ.

ಜೊಲ್ಲಿನ ಗ್ರಂಥಿಗೆ ನಾಳವುಂಟು. ರಸವು ಅದರ ಮೂಲಕ ಬಾಯಿಗೆ ಬೀಳುತ್ತದೆ. ನಾಳವಿಲ್ಲದ ಗ್ರಂಥಿಗಳಾದರೋ ತಮ್ಮ ರಸವನ್ನು ನೇರವಾಗಿ ರಕ್ತಕ್ಕೇ ಸೇರಿಸುತ್ತವೆ. ಈ ರಸಗಳನ್ನು 'ಹಾರ್ಮೋನು' ಎಂದು 1905ರಲ್ಲಿ ಕರೆದವನು ಸ್ಟಾರ್ಲಿಂಗ್ ಎಂಬ ಆಂಗ್ಲ ಶರೀರಶಾಸ್ತ್ರಜ್ಞ. ರಾಣೇಬೆನ್ನೂರಿನ ಸಂತೆಯಲ್ಲಿ ಡಂಗುರ ಸಾರಿದರೆ ಎಲ್ಲರ ಕಿವಿಗೂ ಬೀಳುತ್ತದೆ. ಸಂಬಂಧಪಟ್ಟವರು ಮಾತ್ರ ಏಳುತ್ತಾರೆ. ಹಾಗೆಯೇ ಹಾರ್ಮೋನು ರಕ್ತದೊಡನೆ ಎಲ್ಲೆಡೆಯೂ ಹರಿದರೂ, ಅದನ್ನು ಗುರುತಿಸಬಲ್ಲ ಜೀವಕೋಶಗಳು ಮಾತ್ರ ಅದರ ಆಜ್ಞೆಯನ್ನು ಪಾಲಿಸುವುವು.

ಮಿದುಳಿನ ಬುಡದಲ್ಲಿರುವ ಕಡಲೆಯ ಗಾತ್ರದ ಪಿಟ್ಯುಟರಿಯು ಇವುಗಳಲ್ಲಿ ಹಲವಕ್ಕೆ ಮೇಲ್ವಿಚಾರಕ. ಅದಕ್ಕೂ ಮೇಲಿನ ಅಧಿಕಾರಿಯೆಂದರೆ ಮಿದುಳಿನದೇ ಭಾಗವಾದ ಹೈಪೊಥಲಮಸ್ಸು. ಭಯವಾದೊಡನೆ ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ನನ್ನೂ, ತುಸು ತಡವಾಗಿ ಕಾರ್ಟಿಸೋಲನ್ನೂ ಸುರಿಸುತ್ತವೆ. ಆಪತ್ತು ಕಳೆದ ಮೇಲೆ ಕೆರೆಯ ತೂಬು ಮುಚ್ಚಿದಂತೆ ಸ್ರಾವವು ತಗ್ಗಬೇಕು. ಸಾಲದ ಚಿಂತೆಯು ತಿಂಗಳುಗಟ್ಟಲೆ ಬಿಡದಿದ್ದರೆ ಈ ತೂಬು ಸರಿಯಾಗಿ ಮುಚ್ಚದೆ ಹೋಗಬಹುದು. ಆಗ ನಿದ್ರೆಯೂ ನೆನಪೂ ಉತ್ಸಾಹವೂ ಕುಂದಬಹುದು.

ಮನಸ್ಸು ಗ್ರಂಥಿಯನ್ನು ಕೆಣಕುವಂತೆ ಗ್ರಂಥಿಯೂ ಮನಸ್ಸನ್ನು ಕೆಡಿಸಬಲ್ಲದು. ಕೊರಳಿನ ಥೈರಾಯ್ಡ್ ಗ್ರಂಥಿಯ ರಸವು ಹೆಚ್ಚಾದರೆ ನಡುಕ, ತಳಮಳ, ನಿದ್ರಾಭಂಗ. ಕಡಮೆಯಾದರೆ ಜಡತೆ, ಚಳಿ, ಮರೆವು, ಖಿನ್ನತೆ. 1891ರಲ್ಲಿ ಇಂಗ್ಲೆಂಡಿನ ಮರ್ರೆ ಎಂಬ ವೈದ್ಯನು ಇಂಥ ಒಬ್ಬ ಸ್ತ್ರೀಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿ ಗುಣಪಡಿಸಿದನು. ಅವಳು ಮುಂದೆ ಇಪ್ಪತ್ತೆಂಟು ವರ್ಷ ಬದುಕಿದಳು. ಈ ಕೊರತೆಯು ಉಗ್ರವಾದರೆ ಬುದ್ಧಿಭ್ರಮಣೆಯೇ ಉಂಟಾಗಬಹುದೆಂಬುದನ್ನು ರಿಚರ್ಡ್ ಆಶರ್ 1949ರಲ್ಲಿ ಹದಿನಾಲ್ಕು ರೋಗಿಗಳ ವೃತ್ತಾಂತದಿಂದ ತೋರಿಸಿಕೊಟ್ಟನು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು. ಹೆರಿಗೆಯಾದ ಕೆಲವು ತಿಂಗಳಿಗೆ ಸೊಸೆಯು ಮಂಕಾಗಿ ಮೂಲೆ ಹಿಡಿದರೆ, 'ಮೈಗಳ್ಳಿ' ಎಂದು ಜರೆಯುವವರೂ, ಗಾಳಿ ಸೋಕಿತೆಂದು ತಾಯಿತ ಕಟ್ಟಿಸುವವರೂ ನಮ್ಮಲ್ಲಿ ಇಂದಿಗೂ ಇದ್ದಾರೆ. ಬಾಣಂತನದ ನಂತರ ಥೈರಾಯ್ಡ್ ಏರುಪೇರಾಗುವುದುಂಟು. ಒಂದು ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ. ಕೊರತೆಗೆ ದಿನಕ್ಕೊಂದು ಗುಳಿಗೆಯಿಂದ ಪರಿಹಾರವುಂಟು. ಆದರೆ ದುಃಖವೆಲ್ಲವೂ ಗ್ರಂಥಿಯ ದೋಷವೆಂದು ತಿಳಿಯಕೂಡದು; ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದು ರೋಗಿಯ ಸಂಕಟವನ್ನು ಸುಳ್ಳೆನ್ನಲೂ ಕೂಡದು. ಅಂಥವರಿಗೆ ಮನೋವೈದ್ಯರ ನೆರವು ಬೇಕು. 1997ರವರೆಗೆ ಹಾವೇರಿಯು ಸೇರಿದ್ದ ಧಾರವಾಡ ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ. 2022ರಿಂದ 14416 ಎಂಬ ದೂರವಾಣಿ ಸಂಖ್ಯೆಯಲ್ಲಿಯೂ ಸಲಹೆ ದೊರೆಯುತ್ತದೆ.

ಅಯೊಡೀನ್ ಇಲ್ಲದೆ ಥೈರಾಯ್ಡಿನ ರಸವು ತಯಾರಾಗದು. ಗರ್ಭಿಣಿಗೆ ಅದು ತೀರ ಸಾಲದಿದ್ದರೆ ಮಗುವಿನ ಬುದ್ಧಿಯೇ ಕುಂಠಿತವಾದೀತು. ಈ ಕೊರತೆಯಿಂದ ಬರುವ ಗಳಗಂಡದ ನಿವಾರಣೆಗಾಗಿ ಭಾರತ ಸರ್ಕಾರವು 1962ರಲ್ಲಿಯೇ ಕಾರ್ಯಕ್ರಮವನ್ನು ಆರಂಭಿಸಿತು. ಆದುದರಿಂದ ಅಯೊಡೀನ್ ಬೆರೆಸಿದ ಉಪ್ಪನ್ನೇ ಕೊಂಡು, ಮುಚ್ಚಿದ ಭರಣಿಯಲ್ಲಿಡಿ.

ದೇಹ ಬೇರೆ, ಮನಸ್ಸು ಬೇರೆ ಎಂದು ನಾವು ಮಾತಿನಲ್ಲಿ ಗೆರೆ ಎಳೆಯುತ್ತೇವೆ. ರಕ್ತವು ಆ ಗೆರೆಯನ್ನು ಅರಿಯದು. ಮನೆಯಲ್ಲಿ ಯಾರಾದರೂ ಮಂಕಾದರೆ ಮೊದಲು ಜರೆಯದೆ, ವೈದ್ಯರಲ್ಲಿಗೆ ಕರೆದೊಯ್ಯಿರಿ.