ಮಗುವಿನ ಮನೋವಿಕಾಸ ಮತ್ತು ನೆರೆಯ ವೈದ್ಯರು

ಮಗುವಿಗೆ ಜ್ವರ ಬಂದರೆ ತಾಯಿತಂದೆಯರು ಅಂದೇ ವೈದ್ಯರಲ್ಲಿಗೆ ಧಾವಿಸುತ್ತಾರೆ. ಎರಡು ವರ್ಷ ತುಂಬಿದರೂ ಮಾತು ಬಾರದಿದ್ದರೆ ಮಾತ್ರ, "ಅವನ ಅಪ್ಪನೂ ತಡವಾಗಿಯೇ ಮಾತಾಡಿದ" ಎಂಬ ಸಮಾಧಾನದಲ್ಲಿ ತಿಂಗಳುಗಳು ಉರುಳುತ್ತವೆ. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮವರಿಗೆ ಇನ್ನೊಂದು ಕಾರಣವೂ ಸಿದ್ಧವಾಗಿರುತ್ತದೆ: ಮನೆಯಲ್ಲಿ ಕನ್ನಡ, ನೆರೆಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಮಗುವಿಗೆ ಗೊಂದಲವಾಗಿದೆ, ಕನ್ನಡ ಬಿಟ್ಟುಬಿಡಿ! ಈ ಸಲಹೆ ಕೆಲವೊಮ್ಮೆ ವೈದ್ಯರ ಬಾಯಿಂದಲೇ ಬರುವುದುಂಟು.

ಈ ಸಲಹೆಗೆ ಶಾಸ್ತ್ರಾಧಾರವಿಲ್ಲ. ಹಲವು ಭಾಷೆಗಳ ನಡುವೆ ಬೆಳೆಯುವುದರಿಂದ ಆಟಿಸಂ ಆಗಲಿ ಭಾಷಾದೋಷವಾಗಲಿ ಉಂಟಾಗದು. ಅಂಥ ಮಗುವಿನ ಶಬ್ದಗಳನ್ನು ಎಣಿಸುವಾಗ ಎಲ್ಲ ಭಾಷೆಗಳ ಶಬ್ದಗಳನ್ನೂ ಕೂಡಿಸಬೇಕು. ವರ್ಷ ತುಂಬಿದರೂ ಹೆಸರು ಹಿಡಿದು ಕರೆದಾಗ ತಿರುಗಿ ನೋಡದಿದ್ದರೆ, ಒಂದೂವರೆ ವರ್ಷಕ್ಕೂ ಬೇಕಾದುದನ್ನು ಬೆರಳಿನಿಂದ ತೋರಿಸದಿದ್ದರೆ, ಎರಡು ವರ್ಷಕ್ಕೂ 'ಅಮ್ಮ ಬಾ' ಎಂಬಂತೆ ಎರಡು ಶಬ್ದಗಳನ್ನು ಜೋಡಿಸದಿದ್ದರೆ, ಅಥವಾ ಬಂದಿದ್ದ ಮಾತು ನಿಂತುಹೋದರೆ ಕಾಯುತ್ತ ಕೂರಬಾರದು.

ಈ ಲಕ್ಷಣಗಳನ್ನು ಮೊದಲು ಕಾಣಬಲ್ಲವರು ಲಸಿಕೆ ಹಾಕುವ ನೆರೆಯ ವೈದ್ಯರು. ಮಕ್ಕಳ ಮನೋವೈದ್ಯರು ವಿರಳ. ಅವರ ಭೇಟಿಗೆ ದೀರ್ಘಕಾಲ ಕಾಯಬೇಕು. ಹಾಗಾದರೆ ಮಗುವನ್ನು ತಜ್ಞರಲ್ಲಿಗೆ ಒಯ್ಯುವ ಬದಲು ತಜ್ಞರ ಅರಿವನ್ನೇ ನೆರೆಯ ವೈದ್ಯರಿಗೆ ಮುಟ್ಟಿಸಬಾರದೇಕೆ?

ಈ ವಿಚಾರಕ್ಕೆ ರೂಪ ಕೊಟ್ಟವರು ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾನಿಲಯದ ಡಾ. ಸಂಜೀವ್ ಅರೋರಾ. ಹೆಪಟೈಟಿಸ್ ಸಿ ರೋಗಿಗಳಿಗಾಗಿ ಅವರು 2003ರಲ್ಲಿ 'ಎಕೋ' ಯೋಜನೆಯನ್ನು ಆರಂಭಿಸಿದರು. ದೂರದೂರದ ವೈದ್ಯರು ನಿಗದಿತ ವೇಳೆಗೆ ದೃಶ್ಯ-ಶ್ರವ್ಯ ಸಂಪರ್ಕದ ಮೂಲಕ ಸೇರುತ್ತಾರೆ. ಒಬ್ಬರು ತಮ್ಮ ರೋಗಿಯ ಹೆಸರು ಹೇಳದೆ ಸಮಸ್ಯೆಯನ್ನು ಮುಂದಿಡುತ್ತಾರೆ. ತಜ್ಞರೂ ಸಹೋದ್ಯೋಗಿಗಳೂ ಚರ್ಚಿಸುತ್ತಾರೆ. ಚಿಕಿತ್ಸೆಯ ಹೊಣೆ ಆ ವೈದ್ಯರಲ್ಲೇ ಉಳಿಯುತ್ತದೆ. 2011ರಲ್ಲಿ ಪ್ರಕಟವಾದ 407 ರೋಗಿಗಳ ಅಧ್ಯಯನದಂತೆ, ವಿಶ್ವವಿದ್ಯಾನಿಲಯದ ಚಿಕಿತ್ಸಾಲಯದಲ್ಲಿ ಶೇ. 57.5, ಹೀಗೆ ತರಬೇತಾದವರ ಕೈಯಲ್ಲಿ ಶೇ. 58.2 ಮಂದಿ ಗುಣಹೊಂದಿದರು. ಅನಂತರ ಮಿಸೌರಿ ವಿಶ್ವವಿದ್ಯಾನಿಲಯ ಇದೇ ಕ್ರಮವನ್ನು ಆಟಿಸಂ ಗುರುತಿಸುವ ಶಿಕ್ಷಣಕ್ಕೆ ಅಳವಡಿಸಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದೇ ಮಾದರಿಯಲ್ಲಿ ಛತ್ತೀಸ್‌ಗಡದ ಆಪ್ತಸಲಹೆಗಾರರಿಗೆ ಮನೋರೋಗ ಹಾಗೂ ವ್ಯಸನಗಳ ಬಗೆಗೆ ಮಾರ್ಗದರ್ಶನ ನೀಡಿತು. 2018ರಲ್ಲಿ ದೂರಶಿಕ್ಷಣಕ್ಕೆಂದೇ ಡಿಜಿಟಲ್ ಅಕಾಡೆಮಿಯನ್ನು ತೆರೆಯಿತು.

ಇಂಥ ಶಿಕ್ಷಣ ಪಡೆದ ವೈದ್ಯರು "ನೋಡೋಣ" ಎಂದು ತಾಯಿಯನ್ನು ಹಿಂದಕ್ಕೆ ಕಳುಹಿಸುವುದಿಲ್ಲ. ಮಗುವಿನ ಆಟ, ನೋಟ, ನಿದ್ರೆಗಳನ್ನು ವಿಚಾರಿಸುತ್ತಾರೆ. ಮೊದಲು ಶ್ರವಣಪರೀಕ್ಷೆ ಮಾಡಿಸುತ್ತಾರೆ. ರೋಗದ ಹೆಸರು ನಿಶ್ಚಯವಾಗುವ ಮುನ್ನವೇ ವಾಕ್‌ಚಿಕಿತ್ಸೆಗೆ ದಾರಿ ತೋರುತ್ತಾರೆ. ಜಟಿಲ ಸಂದರ್ಭಗಳಲ್ಲಿ ತಜ್ಞರ ನೇರ ಪರೀಕ್ಷೆ ಅನಿವಾರ್ಯವೇ ಸರಿ. ಪರದೆಯ ಮೇಲಿನ ಪಾಠ ಅದಕ್ಕೆ ಬದಲಿಯಾಗದು.

ವಾಚಕರು ಮಾಡಬೇಕಾದುದೂ ಇದೆ. ಮುಂದಿನ ಲಸಿಕೆಗೆ ಹೋದಾಗ ತೂಕದ ಜೊತೆಗೆ ಮಗುವಿನ ಮಾತು, ಆಟಗಳ ವಿಷಯವನ್ನೂ ವೈದ್ಯರ ಮುಂದಿಡಿ. ಮನಸ್ಸಿನ ಕ್ಲೇಶಗಳಿಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ 'ಟೆಲಿ ಮಾನಸ್' ಉಚಿತ ದೂರವಾಣಿ, 14416, ಕನ್ನಡದಲ್ಲಿಯೂ ಉತ್ತರಿಸುತ್ತದೆ. ಮಾತು ತಡವಾದ ಕೂಸಿಗೆ ಅತ್ಯಗತ್ಯವಾದುದು ಮನೆಮಂದಿಯ ಎಡೆಬಿಡದ ಮಾತು. ಅದು ಅವರ ಹೃದಯದ ಭಾಷೆಯಲ್ಲೇ ಇರಲಿ.