ಹಾಸೊಂದು ಬಣ್ಣ, ಹೊಕ್ಕೊಂದು ಬಣ್ಣ

ಗದಗ ಕಡೆಯ ಶಿಗ್ಲಿ ಮಗ್ಗದ ಊರು. ಸಂಡಾಸಿನಲ್ಲಿ ರಕ್ತ ಕಂಡರೆ ಇಂಥ ಊರುಗಳಲ್ಲಿ ಮೊದಲು ಬರುವ ಮಾತು, ‘ಮಗ್ಗದ ಕುಣ್ಯಾಗ ಕುಂತ ಕುಂತ ಮೂಲವ್ಯಾಧಿ ಆಗೇತಿ, ತಗಿ.’ ಬಹಳ ಸಲ ಅದು ಮೂಲವ್ಯಾಧಿಯೇ. ಆದರೆ ವೈದ್ಯರು ಕೈಗವಸು ಹಾಕಿ ಬೆರಳಿಟ್ಟು ನೋಡುವ ತನಕ ಅದು ಬರೀ ಊಹೆ; ಒಮ್ಮೊಮ್ಮೆ ಅದು ಗುದನಾಳದ ಕ್ಯಾನ್ಸರೂ ಆಗಿರಬಹುದು.

ಗುದನಾಳದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಒಳಪದರದ ಗ್ರಂಥಿಗಳಲ್ಲಿ ಹುಟ್ಟುವ ಅಡಿನೋಕಾರ್ಸಿನೋಮ. ಹಾರ್ಮೋನು ಸ್ರವಿಸುವ (ನ್ಯೂರೋಎಂಡೋಕ್ರೈನ್) ಕೋಶಗಳ ಗಡ್ಡೆಯ ಜಾತಿಯೇ ಬೇರೆ; 1907ರಲ್ಲಿ ಜರ್ಮನಿಯ ವೈದ್ಯ ಓಬರ್ನ್‌ಡಾರ್ಫರ್ ಅದನ್ನು ಕಾರ್ಸಿನಾಯ್ಡ್ ಎಂದು ಕರೆದ. ಅಪರೂಪಕ್ಕೆ ಎರಡೂ ಒಂದೇ ಗಡ್ಡೆಯಲ್ಲಿ ಸಿಗುತ್ತವೆ. ವೈದ್ಯರ ಭಾಷೆಯಲ್ಲಿ ಈಗ ಅದು ‘ಮಿನೆನ್’, ಅಂದರೆ ಮಿಶ್ರ ಗಡ್ಡೆ.

ನೇಕಾರರಿಗೆ ಈ ಬೆರಕೆ ಬೇಗ ತಿಳಿದೀತು. ಇಳಕಲ್ ಸೀರೆಯ ಸೆರಗನ್ನೂ ಒಡಲನ್ನೂ ಕೊಂಡಿ ಹಾಕಿ ಸೇರಿಸುತ್ತಾರಲ್ಲ, ಹಾಗೆ ಎರಡು ಗಡ್ಡೆ ಅಂಚಿಗಂಚು ತಾಗಿ ನಿಂತಿರಬಹುದು. ಹಾಸೊಂದು ಬಣ್ಣ, ಹೊಕ್ಕೊಂದು ಬಣ್ಣವಾಗಿ ಹೆಣೆದುಕೊಂಡೂ ಇರಬಹುದು. ಒಂದೇ ಎಳೆ, ಅಂದರೆ ಒಂದೇ ಕೋಶ, ಎರಡು ಬಣ್ಣ ತೋರುವುದೂ ಉಂಟು; ಅದನ್ನು ಈಗ ಬೇರೆಯಾಗಿಯೇ ಎಣಿಸುತ್ತಾರೆ.

ಪತ್ತೆಯ ಕೆಲಸವೂ ಬಣ್ಣದ್ದೇ. ಗಡ್ಡೆಯ ತುಣುಕನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂರಿಸಿ, ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟು ತೆಳ್ಳಗೆ ಹೆರೆದು ಬಣ್ಣ ಹಾಕುತ್ತಾರೆ. ನೀಲಿ ಕೊಡುವ ಹಿಮಟಾಕ್ಸಿಲಿನ್ ಮಧ್ಯ ಅಮೆರಿಕದ ಒಂದು ಮರದ ತಿರುಳಿನದು. ಲ್ಯಾಬಿಗೆ ಬರುವ ಮೊದಲು ಅದು ಬಟ್ಟೆಗೆ ಹಾಕುತ್ತಿದ್ದ ಬಣ್ಣ! ಅನುಮಾನ ಬಂದರೆ, ಹಾರ್ಮೋನು ಕೋಶಗಳನ್ನು ಗುರುತಿಸಲು ಸಿನಾಪ್ಟೊಫೈಸಿನ್, ಕ್ರೊಮೊಗ್ರಾನಿನ್ ಪರೀಕ್ಷೆ. ಕೋಶ ಎಷ್ಟು ಬಿರುಸಾಗಿ ಬೆಳೆಯುತ್ತಿದೆ ಎನ್ನಲು ಕೆಐ-67. ಎರಡೂ ಭಾಗ ಕನಿಷ್ಠ ಶೇ 30 ಇದ್ದರೆ ಮಾತ್ರ ‘ಮಿಶ್ರ’ ಎನ್ನಬೇಕೆಂಬುದು ನಿಯಮ. ನನ್ನ ಮಟ್ಟಿಗೆ ಅದು ಅನುಕೂಲಕ್ಕೆ ಎಳೆದ ಗೆರೆ: ಶೇ 20ರಷ್ಟೇ ಇದ್ದರೂ ಕೆಟ್ಟ ಭಾಗ ಕೆಟ್ಟದ್ದೇ.

ತೊಡಕಿರುವುದು ತುಣುಕಿನಲ್ಲಿ. ಕೊಲೊನೋಸ್ಕೋಪಿಯಲ್ಲಿ ಚಿವುಟಿ ತೆಗೆದ ಚೂರು ಅಕ್ಕಿಕಾಳಿಗಿಂತ ಚಿಕ್ಕದು. ಒಡಲಿನ ಚಿಂದಿ ಕೊಟ್ಟು ಸೆರಗಿನ ಬಣ್ಣ ಕೇಳಿದರೆ ಯಾರು ಹೇಳಿಯಾರು? ಹಾಗಾಗಿ ಎಷ್ಟೋ ಸಲ ಗಡ್ಡೆಯ ನಿಜ ಗೊತ್ತಾಗುವುದು ಆಪರೇಷನ್ ಆದ ಮೇಲೆ. ಗೊತ್ತಾದರೆ ಔಷಧಿಯೇ ಬದಲಾಗಬಹುದು. ಬಿರುಸಿನ ನ್ಯೂರೋಎಂಡೋಕ್ರೈನ್ ಭಾಗಕ್ಕೆ ಸಾಮಾನ್ಯವಾಗಿ ಸಿಸ್‌ಪ್ಲಾಟಿನ್, ಎಟೊಪೊಸೈಡ್ ಕೊಡುತ್ತಾರೆ.

ಗದಗದಿಂದ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋಗುವವರು ರಿಪೋರ್ಟಿನ ಹಾಳೆಯೊಂದನ್ನೇ ಹಿಡಿದು ಹೊರಡಬೇಡಿ. ಅಲ್ಲಿ ಮತ್ತೆ ಪರೀಕ್ಷಿಸಲು ಬೇಕಾಗುವ ಸ್ಲೈಡುಗಳನ್ನೂ ಆ ಮೇಣದ ಬ್ಲಾಕನ್ನೂ ಲ್ಯಾಬಿನಿಂದ ಕೇಳಿ ಪಡೆದು, ಜೋಪಾನವಾಗಿ ಒಯ್ಯಿರಿ.